ಪರಂಗಿಹಣ್ಣೂ ಸೀತಾಫಲವೂ

ನಮ್ಮ ಹಿತ್ತಲುಗಳಲ್ಲಿ ಬೆಳೆಯುವ ಎರಡು ಹಣ್ಣುಗಳ ಹೆಸರುಗಳನ್ನು ಸ್ವಲ್ಪ ನಿಧಾನಿಸಿ ಆಲೋಚಿಸಿರಿ. ಒಂದನ್ನು ಪರಂಗಿಹಣ್ಣು ಎನ್ನುತ್ತೇವೆ. ಪರಂಗಿ ಎಂದರೆ ಫಿರಂಗಿ, ಅಂದರೆ ಹಡಗನ್ನೇರಿ ಬಂದ ಯೂರೋಪಿನವನು. ಮತ್ತೊಂದಕ್ಕೆ ಸೀತಾಫಲವೆಂದು ಹೆಸರು. ಆದರೆ ಈ ಎರಡು ಗಿಡಗಳ ತವರೂ ಅಮೆರಿಕದ ಬಿಸಿಲುಸೀಮೆಯೇ ಎಂಬದಾಗಿ ಸಸ್ಯಶಾಸ್ತ್ರವನ್ನು ಬಲ್ಲವರು ಹೇಳುತ್ತಾರೆ. ಒಂದೇ ಖಂಡದಿಂದ ಬಂದ ಇಬ್ಬರು ಅತಿಥಿಗಳಲ್ಲಿ ಒಬ್ಬನನ್ನು ಇಂದಿನ ವರೆಗೂ ಪರದೇಶಿಯೆಂದು ಕರೆಯುತ್ತಾ, ಇನ್ನೊಬ್ಬನಿಗೆ ಮನೆಮಗಳ ಹೆಸರನ್ನು ಕೊಟ್ಟಿದ್ದೇವೆ. ಈ ಭೇದವು ಹಣ್ಣಿನಲ್ಲಿ ಉಂಟೋ, ಕರೆಯುವವರ ಬಾಯಲ್ಲಿ ಉಂಟೋ?

ಇನ್ನು ಮೆಣಸಿನಕಾಯಿಯ ಸಂಗತಿಯಾದರೋ ಇದಕ್ಕಿಂತ ಸೋಜಿಗವಾದದ್ದು. ಅದೂ ಅಮೆರಿಕದ್ದೇ; ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದ ತರುವಾಯ ಈ ದೇಶವನ್ನು ಹೊಕ್ಕಿತು. ಅದಕ್ಕೆ ಮುಂಚೆ ನಮ್ಮ ಹಿರಿಯರ ಸಾರಿಗೆ ಖಾರ ಕೊಟ್ಟದ್ದು ಮಲೆನಾಡಿನ ಬಳ್ಳಿಯ ಮೆಣಸು. ಹೊಸದಾಗಿ ಬಂದ ಕಾಯಿ ಹಳೆಯ ಮೆಣಸಿನ ಹೆಸರನ್ನೇ ಹೊದ್ದುಕೊಂಡು ಅಡಿಗೆಮನೆಯೊಳಗೆ ಸದ್ದಿಲ್ಲದೆ ಕೂತುಕೊಂಡಿತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಎಂದು ನಾವು ಹೊರಗಿನ ವಸ್ತುಗಳ ಹಣೆಗೆ ಬರೆಯುವ ಆ ಗುರುತು ಅದಕ್ಕೆ ಬೀಳಲೇ ಇಲ್ಲ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಯೆಂಬ ಮಾನ್ಯತೆಯೂ ದೊರೆತು, ಇದು ಆ ನೆಲಕ್ಕೆ ಸೇರಿದ ಪದಾರ್ಥವೆಂದು ಕಾಯಿದೆಯ ಪ್ರಕಾರ ಸ್ಥಿರವಾಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಬೀಜವು ಹೊರಗಿನದು, ಆ ಬಣ್ಣವೂ ಸುಕ್ಕೂ ಪರಿಮಳವೂ ಬ್ಯಾಡಗಿಯ ಸುತ್ತಲಿನ ಒಕ್ಕಲಿಗರ ಎಷ್ಟೋ ತಲೆಮಾರುಗಳ ಆರೈಕೆಯಿಂದ ಬಂದವುಗಳು.

ಸವಳಂಗದಿಂದ ನ್ಯಾಮತಿ, ಹೊನ್ನಾಳಿಗಳ ಕಡೆಗೆ ಕೊಯ್ಲಿನ ಕಾಲದಲ್ಲಿ ಪ್ರಯಾಣ ಮಾಡುವವರು ಏನನ್ನು ಕಾಣುವರೆಂದು ನಿಮಗೆ ಹೇಳಬೇಕಾದದ್ದಿಲ್ಲ. ಕಣಗಳು ಸಾಲದೆ ರಸ್ತೆಯ ಮಗ್ಗುಲಲ್ಲಿಯೂ ಮೆಕ್ಕೆಜೋಳವನ್ನು ಹರವಿರುತ್ತಾರೆ. ಜಗಳೂರಿನ ಒಣಭೂಮಿಯಲ್ಲಿಯೂ ಅದೇ ಬೆಳೆ. ಮಗಳ ಮದುವೆಯಾಗಲಿ, ಸಾಲದ ಕಂತಾಗಲಿ, ಆ ವರುಷದ ಮೆಕ್ಕೆಜೋಳದ ಧಾರಣೆಯನ್ನು ನೋಡಿಯೇ ಗೊತ್ತಾಗುವದು. ಹೀಗಿದ್ದರೂ ಇದನ್ನು ಬೆಳೆಯುವ ಮುದುಕರನೇಕರು, “ಇದು ನಮ್ಮ ಜೋಳವಲ್ಲ, ಕೋಳಿಯ ಮೇವು, ನಮ್ಮದು ಬಿಳಿಜೋಳ” ಎಂದು ಸ್ವಲ್ಪ ತಾತ್ಸಾರದಿಂದ ಮಾತಾಡುವದುಂಟು. ಕೋಳಿಯ ಮೇವಿಗೂ ಗಂಜಿಪುಡಿಯ ಕಾರ್ಖಾನೆಗಳಿಗೂ ಅದು ಬಹಳವಾಗಿ ಹೋಗುವದು ನಿಜವೇ. ಸುಮಾರು 9000 ವರುಷಗಳ ಹಿಂದೆ ಮೆಕ್ಸಿಕೋ ದೇಶದ ಜನರು ಒಂದು ಕಾಡುಹುಲ್ಲನ್ನು ಆರಿಸಿ ಆರಿಸಿ ಬಿತ್ತಿ ಇದನ್ನು ಉಂಟುಮಾಡಿದರು.

ಆದರೆ ಇದು ನಮ್ಮಲ್ಲಿ ಪ್ರಾಚೀನಕಾಲದಿಂದಲೇ ಇತ್ತೆಂದು ತೋರಿಸಲು ಒಂದು ಪ್ರಯತ್ನವೂ ನಡೆಯಿತು. ಮೈಸೂರು ಜಿಲ್ಲೆಯ ಸೋಮನಾಥಪುರದಲ್ಲಿ ಹೊಯ್ಸಳ ಅರಸನಾದ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯವಿದೆಯಷ್ಟೆ. ಅದರ ಹೊರಗೋಡೆಯ ಕೆಲವು ವಿಗ್ರಹಗಳ ಕೈಯಲ್ಲಿ ನೀಳವಾದ, ಸಾಲುಸಾಲಾಗಿ ಮಣಿಗಳನ್ನು ಜೋಡಿಸಿದಂಥ ಒಂದು ವಸ್ತುವಿದೆ. 1989ರಲ್ಲಿ ಕಾರ್ಲ್ ಜೊಹಾನೆಸೆನ್, ಆ್ಯನ್ ಪಾರ್ಕರ್ ಎಂಬಿಬ್ಬರು ವಿದ್ವಾಂಸರು ಇದು ಮೆಕ್ಕೆಜೋಳದ ತೆನೆಯೇ ಎಂದು ಬರೆದರು. ಹಾಗಾದರೆ ಕೊಲಂಬಸನು 1492ರಲ್ಲಿ ಅಮೆರಿಕವನ್ನು ಮುಟ್ಟುವದಕ್ಕೆ 234 ವರುಷ ಮುಂಚೆಯೇ ಆ ತೆನೆಯು ಕಾವೇರಿಯ ಸೀಮೆಗೆ ಬಂದಿರಬೇಕಾಯಿತು! ಇದಕ್ಕೆ ಎದುರಾಡಿದವರು ಯಾರು? ಮೆಕ್ಕೆಜೋಳದ ಬೆಳೆಯನ್ನೇ ಅಭ್ಯಾಸ ಮಾಡಿದ ನಮ್ಮ ದೇಶದ ವಿಜ್ಞಾನಿಗಳಾದ ಪಾಯಕ್, ಸಚನ್ ಎಂಬವರು. ಅದು ತೆನೆಯಲ್ಲ, ಮುತ್ತುಗಳಿಂದ ಅಲಂಕರಿಸಿದ ಮುಕ್ತಾಫಲವೆಂಬ ಕಲ್ಪನೆಯ ಹಣ್ಣು ಎಂದು ಅವರು 1993ರಲ್ಲಿ ವಿವರಿಸಿದರು. ಕಲ್ಲಿನಲ್ಲಿ ಕಂಡರೂ ಮಣ್ಣಿನಲ್ಲಿ ಕಾಣಬೇಕಲ್ಲವೇ? ಅಗೆದ ಹಳೆಯ ನೆಲೆಗಳಲ್ಲಿ ಬೇರೆ ಧಾನ್ಯಗಳ ಕರಿಕಾದ ಕಾಳುಗಳು ದೊರೆತಿರಲಾಗಿ, ಕೊಲಂಬಸನಿಗೆ ಮುಂಚಿನ ಮೆಕ್ಕೆಜೋಳವಂತೂ ಎಲ್ಲರೂ ಒಪ್ಪುವ ಹಾಗೆ ಈ ದೇಶದಲ್ಲಿ ಎಲ್ಲಿಯೂ ಸಿಕ್ಕಿಲ್ಲ. ಆದಕಾರಣ ಪಂಡಿತರಲ್ಲಿ ಹೆಚ್ಚಿನವರು ಎರಡನೆಯ ಪಕ್ಷವನ್ನೇ ಹಿಡಿದಿದ್ದಾರೆ.

ಈ ವಿವಾದದಲ್ಲಿ ನಾವು ಗಮನಿಸಬೇಕಾದದ್ದು ಮನುಷ್ಯನ ಕಣ್ಣಿನ ಸ್ವಭಾವ. ದಿನವೂ ತೆನೆಯನ್ನು ನೋಡುವ ಕಣ್ಣು ಕಲ್ಲಿನಲ್ಲಿಯೂ ತೆನೆಯನ್ನೇ ಕಾಣುವದು. ದನ ಕಾಯುವ ಹುಡುಗನು ಮೋಡದಲ್ಲಿ ಹೋರಿಯನ್ನು ಕಾಣುವದಿಲ್ಲವೋ? ಅಷ್ಟು ಮಾತ್ರವಲ್ಲ, ಆ ವಾದವನ್ನು ಕೇಳಿ ಹಿಗ್ಗುವ ನಮ್ಮ ಮನಸ್ಸಿನಲ್ಲಿ ಇನ್ನೊಂದು ಆಶೆಯೂ ಅಡಗಿದೆ. ನಮಗೆ ಪ್ರಿಯವಾದದ್ದು ಪುರಾತನವಾಗಿಯೂ ಇರಬೇಕು, ಪುರಾತನವಾದದ್ದು ಇಲ್ಲಿಯದೇ ಆಗಿರಬೇಕು ಎಂಬ ಆಶೆ. ಹಳೆಯದಾದರೆ ಮಾತ್ರ ನಮ್ಮದೆಂದು ಹೇಳಿಕೊಳ್ಳಲು ಅಧಿಕಾರ ಉಂಟೆಂದು ತಿಳಿಯುತ್ತೇವೆ.

ಒಳ್ಳೇದು, ಈ ಅಳತೆಯನ್ನೇ ಹಿಡಿದು ನೋಡೋಣ. ಮುದುಕರು ನಮ್ಮದೆನ್ನುವ ಬಿಳಿಜೋಳವು ಎಲ್ಲಿಯದು? ಆಫ್ರಿಕ ಖಂಡದ ಸೂಡಾನ್ ಸೀಮೆಯದು. ಸುಮಾರು 4000 ವರುಷಗಳ ಹಿಂದೆ ಈ ದೇಶಕ್ಕೆ ಬಂತು. ರಾಗಿಯೂ ಪೂರ್ವ ಆಫ್ರಿಕದ ಎತ್ತರದ ನಾಡುಗಳದ್ದು. ಮುದ್ದೆಯ ಅಭಿಮಾನಿಗಳು ನನ್ನ ಮೇಲೆ ಕೋಪಿಸಬಾರದು. ಹಾಗಾದರೆ ನಿಜವಾಗಿ ಈ ನೆಲದಲ್ಲಿಯೇ ಹುಟ್ಟಿದ ಕಾಳು ಯಾವದಂದರೆ ಹುರುಳಿ! ಬಳ್ಳಾರಿಯ ಸಂಗನಕಲ್ಲಿನಲ್ಲಿಯೂ, ಹೊನ್ನಾಳಿಯ ಬಳಿ ಹರಿಯುವ ಅದೇ ತುಂಗಭದ್ರೆಯ ದಡದಲ್ಲಿರುವ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿಯೂ ಹೊಸ ಶಿಲಾಯುಗದ ಜನರು ಬೆಳೆದುಂಡ ಹುರುಳಿಯ ಕಾಳುಗಳು ದೊರೆತಿವೆ. ಮೂಲನಿವಾಸಿಯಾದ ಆ ಹುರುಳಿಯನ್ನು ನಾವು ಬೇಯಿಸಿ ಎತ್ತಿನ ಮುಂದೆ ಇಡುತ್ತೇವೆ, ಕಟ್ಟಿನ ಸಾರನ್ನು ಮಾತ್ರ ನಮಗೆ ಇಟ್ಟುಕೊಳ್ಳುತ್ತೇವೆ. ಹಳೆಯದಕ್ಕೆ ನಾವು ಮಾಡುವ ಮರ್ಯಾದೆ ಇಷ್ಟೇ.

ಇಲ್ಲಿ ಒಬ್ಬನು ತಡೆದು, “ಹಾಗಾದರೆ ಹೊರಗಿನಿಂದ ಬಂದದ್ದೆಲ್ಲವನ್ನೂ ಒಳಗೆ ಕರೆದುಕೊಳ್ಳಬೇಕೋ?” ಎಂದು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. 2018ರಲ್ಲಿ ಅಮೆರಿಕ ಮೂಲದ ಸೈನಿಕ ಹುಳುವೊಂದು ಈ ದೇಶದಲ್ಲಿ ಮೊಟ್ಟಮೊದಲು ಕಾಣಿಸಿಕೊಂಡದ್ದು ನಮ್ಮ ನೆರೆಯ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿಯೇ. ಸುಳಿಯೊಳಗೆ ಕೂತು ಎಲೆಯನ್ನು ಜರಡಿ ಮಾಡಿದ ಆ ಹುಳುವನ್ನು ಅತಿಥಿಯೆಂದು ಯಾರೂ ಸತ್ಕರಿಸಲಿಲ್ಲ. ಆದರೆ ಅದನ್ನು ನಾವು ಕೊಂದದ್ದು ಅಮೆರಿಕದ್ದೆಂಬ ಕಾರಣದಿಂದಲ್ಲ, ಬೆಳೆಯನ್ನು ಕೆಡಿಸಿತೆಂಬ ಕಾರಣದಿಂದ. ಇಲ್ಲಿಯೇ ಹಿಂದಿನಿಂದ ಇದ್ದ ಕಾಂಡಕೊರಕ ಹುಳುವೂ ಜೋಳವನ್ನು ತಿನ್ನದೆ ಬಿಟ್ಟದ್ದುಂಟೇ? ಹೊಲದಲ್ಲಿ ನಾವು ಇಷ್ಟು ನೀತಿಯಿಂದ ತೀರ್ಪು ಮಾಡುತ್ತೇವೆ. ಊರೊಳಗೆ ಬಂದ ಕೂಡಲೆ ನಮ್ಮ ತಕ್ಕಡಿ ಬೇರೆಯಾಗುವದು.

ಸವಳಂಗದ ಸುತ್ತಲಿನ ತಾಂಡಾಗಳನ್ನು ನೋಡಿರಿ. ಬಂಜಾರರು ಹಿಂದೆ ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದೇಶದ ಮೇಲೆ ಸಂಚರಿಸಿದವರು. ಅವರ ಭಾಷೆ ರಾಜಸ್ಥಾನದ ನುಡಿಗಳಿಗೆ ಬಂಧುವಾದದ್ದು. ಇಷ್ಟನ್ನೇ ಹಿಡಿದು, “ಅವರು ಬಂದವರು” ಎಂದು ಬಾವಿಯ ಕಟ್ಟೆಯ ಮೇಲೆಯೂ ಪಂಚಾಯಿತಿಯಲ್ಲಿಯೂ ಈಗಲೂ ಆಡಿಬಿಡುವವರಿದ್ದಾರೆ. ಆದರೆ ಅವರ ಗುರುವಾದ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದರೆಂದು ಅವರು ಹೇಳುವ ಸ್ಥಳವು ರಾಜಸ್ಥಾನದಲ್ಲಿಲ್ಲ. ಇದೇ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿದೆ. ದೂರದೂರದ ರಾಜ್ಯಗಳ ಬಂಜಾರರು ಪ್ರತಿ ವರುಷ ಫೆಬ್ರವರಿಯಲ್ಲಿ ಅಲ್ಲಿಗೆ ಯಾತ್ರೆ ಬರುತ್ತಾರೆ. ಲಕ್ಷಾಂತರ ಜನರಿಗೆ ಮೂಲಸ್ಥಾನವಾಗಿರುವ ಊರಿನ ಮಗ್ಗುಲಲ್ಲಿ ವಾಸಮಾಡುತ್ತಾ, ಆ ಜನರನ್ನೇ ಮೂಲವಿಲ್ಲದವರು ಅನ್ನುವದು ಎಂಥ ಮಾತು! ಬೇರೆ ಜಿಲ್ಲೆಯಿಂದ ಕೂಲಿಗೆ ಬಂದು ನೆಲೆಸಿದವನಿಗೂ ಇದೇ ಗತಿ. ಅವನ ಮಗನು ಇಲ್ಲಿ ಹುಟ್ಟಿ, ಇಲ್ಲಿಯ ಶಾಲೆಯಲ್ಲಿ ಓದಿ, ಇಲ್ಲಿಯ ಕೆರೆಯ ಹೂಳನ್ನು ಎತ್ತಿದರೂ, ಜಗಳ ಬಂದ ದಿವಸ ಅವನ ತಂದೆಯ ಊರಿನ ಹೆಸರು ಬೈಗುಳವಾಗಿ ಹೊರಗೆ ಬರುವದು.

ಹಾಗೆ ಬೈಯುವವನ ಮನೆಯವರನ್ನು ಕೇಳಿ ನೋಡಿರಿ. ಮಗುವಿನ ಜವಳ ತೆಗೆಸಲು ಮನೆದೇವರಿಗೆ ಹೋಗಬೇಕೆಂದು ಅವರು ಹೊರಡುವದು ಎಷ್ಟೋ ಸಾರಿ ಎರಡು ಮೂರು ಜಿಲ್ಲೆಗಳ ಆಚೆಗೆ. ಅಷ್ಟು ದೂರದಲ್ಲಿ ಮನೆದೇವರು ಯಾಕೆ ಇದ್ದಾರೆಂದು ವಿಚಾರಿಸಿದರೆ ಹಿರಿಯಳಾದ ಅಜ್ಜಿಯು ಸಂಕೋಚವಿಲ್ಲದೆ ಹೇಳುವಳು: ಯಾವದೋ ಒಂದು ಬರಗಾಲದಲ್ಲಿ ಮುತ್ತಜ್ಜನು ಬಂಡಿ ಕಟ್ಟಿಕೊಂಡು ಆ ಕಡೆಯಿಂದಲೇ ಬಂದನಂತೆ, ಆಗ ಊರಿನವರು ಕೆರೆಯ ಕೆಳಗೆ ಗುಡಿಸಲು ಹಾಕಿಕೊಳ್ಳಲು ಸ್ಥಳ ಕೊಟ್ಟರಂತೆ.