ಬಿರುಕು ಬಿಟ್ಟ ನಾವೆ

ಜತ್ತ ತಾಲೂಕಿನ ಕುಣಿಕೋಣೂರಿನಂತಹ ಮಳೆ ಕಡಿಮೆಯಾದ ಊರುಗಳಲ್ಲಿ ನಾವೆಯನ್ನು ಕಂಡವರಿಗಿಂತ ನಾವೆಯ ದೃಷ್ಟಾಂತವನ್ನು ಕೇಳಿದವರೇ ಹೆಚ್ಚು. ಸಂಸಾರವು ಸಾಗರ, ಶರೀರವು ನಾವೆ, ಜೀವನು ನಾವಿಕ ಎಂಬ ಮಾತು ಕನ್ನಡದ ಪ್ರವಚನದಲ್ಲಿಯೂ ಮರಾಠಿಯ ಪ್ರವಚನದಲ್ಲಿಯೂ ಶ್ರಾವಕ-ಶ್ರಾವಿಕೆಯರ ಕಿವಿಗೆ ಬೀಳುತ್ತಲೇ ಇರುತ್ತದೆ. 2005ರಲ್ಲಿ, ಮತ್ತೆ 2019ರಲ್ಲಿ ಕೃಷ್ಣೆಯ ಮಹಾಪೂರ ಬಂದು ಸಾಂಗಲಿಯ ಬೀದಿಗಳಲ್ಲಿ ದೋಣಿ ಓಡಿದಾಗ ಆ ದೃಷ್ಟಾಂತ ಅನೇಕರ ಕಣ್ಣೆದುರಿಗೇ ಬಂದಿತು.

ಕಡಲ ತೀರದಲ್ಲಿ ಮರದ ಹಾಯಿದೋಣಿಯ ಒಡಲು ಬಿರಿದರೆ ಅದನ್ನು ದಡಕ್ಕೆಳೆದು ಪರೀಕ್ಷಿಸುತ್ತಾರೆ. ಹಲಗೆಗಳ ಸಂದು ಬಿಟ್ಟಿದ್ದರೆ ಹತ್ತಿ ತುಂಬಿ, ಎಣ್ಣೆ ಬೆರೆಸಿದ ರಾಳ ಬಳಿಯುತ್ತಾರೆ. ಒಂದೆರಡು ಹಲಗೆ ಕೊಳೆತಿದ್ದರೆ ಬದಲಿಸುತ್ತಾರೆ. ತಳದ ತೊಲೆಯೇ ಲಡ್ಡಾಗಿದ್ದರೆ ಹೊಸ ಹಲಗೆಗೆ ಹಿಡಿತವೇ ಸಿಗದು. ಬಡಗಿಯು ಇದನ್ನು ಮೇಲಿನ ಬಣ್ಣವನ್ನು ನೋಡಿ ನಿರ್ಣಯಿಸುವುದಿಲ್ಲ, ಉಳಿಯಿಂದ ಚುಚ್ಚಿ ತಿಳಿಯುತ್ತಾನೆ.

ಆಚಾರ್ಯ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಸಂವರವನ್ನು ತಿಳಿಸಲು ಇದೇ ದೃಷ್ಟಾಂತವನ್ನು ಕೊಟ್ಟಿದ್ದಾರೆ. ರಂಧ್ರ ಮುಚ್ಚದಿದ್ದರೆ ನೀರು ಮೆಲ್ಲಮೆಲ್ಲನೆ ತುಂಬಿ ನಾವೆಯಲ್ಲಿದ್ದವರ ನಾಶ ನಿಶ್ಚಿತ. ಮುಚ್ಚಿದರೆ ಅವರು ಬಯಸಿದ ದೇಶವನ್ನು ನಿರ್ವಿಘ್ನವಾಗಿ ಸೇರುತ್ತಾರೆ. ಅಲ್ಲಿ ನೀರೆಂದರೆ ಕರ್ಮದ ಆಸ್ರವ. ಆದರೆ ಶರೀರವೆಂಬ ನಾವೆಯೇ ಜೀರ್ಣವಾದಾಗ ದುರಸ್ತಿ ಮಾಡಬೇಕೋ ಬಿಡಬೇಕೋ ಎಂಬುದು ಹಿರಿಯರಿರುವ ಪ್ರತಿ ಮನೆಯಲ್ಲಿ ಒಂದಲ್ಲ ಒಂದು ದಿನ ಏಳುವ ಪ್ರಶ್ನೆ.

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನೆಗೆ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ಸಂದರ್ಭಗಳನ್ನು ಹೇಳಿ, ಅವು ‘ನಿಷ್ಪ್ರತೀಕಾರ’ವಾಗಿರಬೇಕು, ಅಂದರೆ ಪರಿಹಾರವೇ ಇಲ್ಲದವಾಗಿರಬೇಕು ಎಂದು ಕಟ್ಟು ಹಾಕಿದ್ದಾರೆ. ರೋಗ, ಮುಪ್ಪುಗಳು ಎಲ್ಲರ ನೆನಪಿನಲ್ಲಿರುತ್ತವೆ. ಈ ಒಂದು ವಿಶೇಷಣ ಮಾತ್ರ ಮರೆತುಹೋಗುತ್ತದೆ.

ಸಮಂತಭದ್ರರ ಚರಿತೆಯೇ ಇದಕ್ಕೆ ಸಾಕ್ಷಿ. ಅವರಿಗೆ ಉಂಡದ್ದೆಲ್ಲ ಭಸ್ಮವಾಗುವ ಭಸ್ಮಕ ವ್ಯಾಧಿ ಬಂದಿತೆಂದೂ, ಮುನಿವ್ರತ ಪಾಲಿಸಲಾಗದೆ ಸಲ್ಲೇಖನೆಗೆ ಗುರುಗಳ ಅನುಮತಿ ಬೇಡಿದರೆಂದೂ ಪರಂಪರೆ ಹೇಳುತ್ತದೆ. ಗುರುಗಳು ಒಪ್ಪಲಿಲ್ಲ. ಇವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಬಹಳವಿದೆ ಎಂದರಿತು, ದೀಕ್ಷೆಯನ್ನು ಬಿಟ್ಟಾದರೂ ರೋಗ ವಾಸಿಮಾಡಿಕೊಳ್ಳಲು ಆಜ್ಞಾಪಿಸಿದರು. ವಾಸಿಯಾದ ಮೇಲೆ ಅವರು ಮತ್ತೆ ದೀಕ್ಷೆ ಪಡೆದರು. ಅಂದು ಆ ನಾವೆಯನ್ನು ಕೈಬಿಟ್ಟಿದ್ದರೆ ಜಿನವಾಣಿಗೆ ಎಷ್ಟು ನಷ್ಟವಾಗುತ್ತಿತ್ತು!

ಇನ್ನೊಂದು ನಿರ್ಣಯ ಈ ಗಡಿನಾಡಿಗೆ ಹತ್ತಿರದ್ದು. ಬೆಳಗಾವಿ ಜಿಲ್ಲೆಯ ಭೋಜದ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರಿಗೆ ವೃದ್ಧಾಪ್ಯದಲ್ಲಿ ಕಣ್ಣಿನ ಬೆಳಕು ಕುಂದಿತು. ನೆಲ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿ, ಆಹಾರವನ್ನು ಶೋಧಿಸುವ ಏಷಣಾಸಮಿತಿ ಕಣ್ಣಿಲ್ಲದೆ ನಡೆಯವು. ದೇಹ ಇನ್ನೂ ತೇಲುತ್ತಿತ್ತು. ವ್ರತವೆಂಬ ಸರಕನ್ನು ಹೊರುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ. 1955ರ ಆಗಸ್ಟ್‌ನಲ್ಲಿ ಅವರು ಕುಂಥಲಗಿರಿಯಲ್ಲಿ ಸಲ್ಲೇಖನೆ ಕೈಗೊಂಡರು.

ಒಬ್ಬರಿಗೆ ದುರಸ್ತಿ, ಒಬ್ಬರಿಗೆ ತ್ಯಾಗ. ಎರಡರಲ್ಲಿಯೂ ಕೇಳಿದ ಪ್ರಶ್ನೆ ಒಂದೇ: ಈ ನಾವೆ ಧರ್ಮವನ್ನು ಹೊರಬಲ್ಲುದೇ? ಚಿಕಿತ್ಸೆಯಿಂದ ಗುಣವಾಗುವ ತಂದೆ-ತಾಯಿಯನ್ನು, ಖರ್ಚಿಗೆ ಅಂಜಿಯೋ ಸೇವೆಗೆ ಬೇಸತ್ತೋ, ‘ಇನ್ನು ಸಾಕು’ ಎಂದು ಬಿಡುವುದಕ್ಕೆ ಆಗಮದಲ್ಲಿ ಆಧಾರವಿಲ್ಲ. ಬೇಸರದಿಂದ ಸಾವನ್ನು ಬಯಸುವುದೂ ಸಲ್ಲೇಖನೆಯಲ್ಲ. ಮರಣಾಶಂಸೆಯನ್ನು ತತ್ತ್ವಾರ್ಥಸೂತ್ರ ಸಲ್ಲೇಖನೆಯ ಅತಿಚಾರಗಳಲ್ಲಿಯೇ ಸೇರಿಸಿದೆ. ಒಳಗಿನ ಪ್ರೀತಿಯಿಲ್ಲದವರಿಗೆ ಬಲವಂತದಿಂದ ಸಲ್ಲೇಖನೆ ಮಾಡಿಸುವಂತಿಲ್ಲವೆಂದು ಪೂಜ್ಯಪಾದರು ಸ್ಪಷ್ಟವಾಗಿ ಹೇಳಿದ್ದಾರೆ. 2015ರಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯದ ತೀರ್ಪು ಬಂದು, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿದಾಗ ಸಮಾಜದಲ್ಲಿ ಬಹಳ ಚರ್ಚೆಯಾಯಿತು. ಈ ವಾಕ್ಯವನ್ನು ಮಾತ್ರ ಓದಿದವರು ಕಡಿಮೆ.

ಶಾಂತಿಸಾಗರ ಮಹಾರಾಜರ ಕಡೆಯ ಉಪದೇಶ ಸೆಪ್ಟೆಂಬರ್ 8ರಂದು ಧ್ವನಿಮುದ್ರಣವಾಯಿತು. ಕನ್ನಡದ ಮನೆಯಲ್ಲಿ ಬೆಳೆದ ಆಚಾರ್ಯರು ಅಂದು ಮರಾಠಿಯಲ್ಲಿ ಮಾತಾಡಿದರು. ತಮ್ಮ ಉಪವಾಸದ ಹಿರಿಮೆಯನ್ನು ಹೇಳಲಿಲ್ಲ; ಆತ್ಮಚಿಂತನೆ ಮಾಡಿರಿ, ಸಂಯಮಕ್ಕೆ ಅಂಜಬೇಡಿರಿ ಎಂದು ಕೇಳುವವರಿಗೆ ಧೈರ್ಯ ತುಂಬಿದರು. ಹತ್ತು ದಿನಗಳ ಬಳಿಕ, ಸೆಪ್ಟೆಂಬರ್ 18ರಂದು, ಅವರ ಸಮಾಧಿಮರಣವಾಯಿತು.