ಚಿಪ್ಪಿನ ಋಣ

ಮಧ್ಯಯುಗದಲ್ಲಿ ಸ್ಪೇನಿನ ಸಾಂತಿಯಾಗೊಗೆ ಯಾತ್ರೆ ಹೋದ ಕ್ರೈಸ್ತರು ಬೀಸಣಿಗೆಯಾಕಾರದ ಸ್ಕ್ಯಾಲಪ್ ಚಿಪ್ಪನ್ನು ಟೋಪಿಗೋ ಮೇಲಂಗಿಗೋ ಸಿಕ್ಕಿಸಿಕೊಂಡು ಮರಳುತ್ತಿದ್ದರು. ಅಲ್ಲಿನ ಸಂತ ಜೇಮ್ಸನ ಸಮಾಧಿಯ ದರ್ಶನವಾಯಿತೆಂಬುದಕ್ಕೆ ಅದೇ ಗುರುತು. ಫ್ರೆಂಚರು ಈ ಜೀವಿಯನ್ನು ಇಂದಿಗೂ ಆ ಸಂತನ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಅದನ್ನು ಹೇರಳವಾಗಿ ಹಿಡಿಯುವ ಫ್ರಾನ್ಸಿನ ನಾರ್ಮಂಡಿಯಲ್ಲಿ, ಮಾಂಸ ಬಿಡಿಸಿದ ಮೇಲೆ ಉಳಿಯುವ ಅದೇ ಚಿಪ್ಪು ವಿಲೇವಾರಿಯ ತಲೆನೋವು. ವಸ್ತು ಒಂದೇ ಆಗಿರುವಾಗ ಕಸವಾಗುವ ಗುಣ ಚಿಪ್ಪಿನೊಳಗೆ ಇರಲಾರದು. ಅದನ್ನು ತೆಗೆದುಕೊಂಡವರ ನಡತೆಯಲ್ಲಿ ಇರಬೇಕು. ಒಂದು ಜೀವದಿಂದ ಬೇಕಾದ ಭಾಗ ಪಡೆದು, ಮಿಕ್ಕದ್ದರ ಹೊಣೆಯನ್ನು ಕೈಬಿಟ್ಟ ಕ್ಷಣದಲ್ಲಿ ಆ ಮಿಕ್ಕದ್ದು ಕಸವಾಗುತ್ತದೆ. ದಿನನಿತ್ಯದ ಪಂಚಮಹಾಯಜ್ಞಗಳಲ್ಲಿ, ಇತರ ಜೀವಿಗಳಿಗೆ ಸಲ್ಲಿಸುವ ಭೂತಯಜ್ಞಕ್ಕೂ ಜಾಗವಿಟ್ಟ ಪರಂಪರೆಯಲ್ಲಿ ಬೆಳೆದವರಿಗೆ ಇದು ಋಣದ ಪ್ರಶ್ನೆಯೆಂದು ವಿವರಿಸಬೇಕಿಲ್ಲ. ತೀರಿಸುವುದು ಹೇಗೆ ಎಂಬುದಷ್ಟೇ ಉಳಿಯುತ್ತದೆ.

ಒಂದು ದಾರಿಯನ್ನು ನಾರ್ಮಂಡಿಯದೇ ಕಾಂ ನಗರದ ಸಂಶೋಧಕರು ತೋರಿಸಿದ್ದಾರೆ. ನೀರು ಇಂಗುವ ಕಾಂಕ್ರೀಟ್ ಇಟ್ಟಿಗೆಗಳಲ್ಲಿ ಜಲ್ಲಿಯ ಒಂದು ಪಾಲಿನ ಬದಲು ಚೂರು ಮಾಡಿದ ಚಿಪ್ಪು ಬಳಸಿದ ಅವರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಇಂಥ ಕಾಂಕ್ರೀಟಿನಲ್ಲಿ ಮರಳು ಇರುವುದಿಲ್ಲ, ಇದ್ದರೂ ತೀರ ಕಡಿಮೆ. ಒಟ್ಟು ಗಾತ್ರದ ಸುಮಾರು 15ರಿಂದ 25 ಶೇಕಡ ಒಂದಕ್ಕೊಂದು ಕೂಡಿಕೊಂಡ ಖಾಲಿ ಜಾಗ. ಮಳೆನೀರು ಚರಂಡಿಗೆ ಓಡದೆ ಅದರ ಮೂಲಕ ನೆಲಕ್ಕಿಳಿಯುತ್ತದೆ. ಚಿಪ್ಪಿನಲ್ಲಿ 95 ಶೇಕಡದಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ, ಸುಣ್ಣದಕಲ್ಲಿನಲ್ಲಿ ಇರುವುದೂ ಅದೇ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವುದು ಹಳೆಯ ಕಸುಬು. ಆದರೆ 100 ಕಿಲೋ ಶುದ್ಧ ಕಾರ್ಬೊನೇಟ್ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗಾರೆ ಗಟ್ಟಿಯಾಗುತ್ತ ಅದರಲ್ಲಿ ಒಂದಷ್ಟನ್ನು ಮರಳಿ ಹೀರುವುದು ನಿಜ. ಉರಿದ ಸೌದೆಯ ಹೊಗೆಯನ್ನಂತೂ ಹೀರುವುದಿಲ್ಲ. ಜಲ್ಲಿಯಾಗಿ ಬಳಸಿದರೆ ಆ ಪುಟ್ಟ ಜೀವಿ ಸಮುದ್ರದಲ್ಲಿ ಕಟ್ಟಿಹಾಕಿದ ಇಂಗಾಲ ಹಾಗೆಯೇ ಉಳಿಯುತ್ತದೆ, ಗುಡ್ಡದ ಕಲ್ಲೂ ಅಷ್ಟು ಉಳಿಯುತ್ತದೆ. ನನಗೆ ಇದು ಬಹಳ ದೊಡ್ಡ ಮಾತು.

ಜಡವಾದ ಚಿಪ್ಪಿಗೆ ನಾವೇನು ಸಾಲಗಾರರೇ ಎಂದು ಕೇಳಬಹುದು. ಚಿಪ್ಪು ಏನನ್ನೂ ಬೇಡುವುದಿಲ್ಲ, ಒಪ್ಪುತ್ತೇನೆ. ಆದರೆ ಅದರ ರಾಶಿ ಕೊಳೆತು ನಾರುವ ಜಾಗದ ಪಕ್ಕ ಯಾರೋ ವಾಸಿಸುತ್ತಾರೆ. ಬದಲಿ ಕಲ್ಲಿಗಾಗಿ ಯಾರದೋ ಊರಿನ ಗುಡ್ಡ ಕರಗುತ್ತದೆ. ಸಾಲ ಅವರಿಗೆ ಸಲ್ಲಬೇಕಾದದ್ದು. ಇನ್ನೊಂದು ಆಕ್ಷೇಪ ವಸ್ತುವಿನ ಬಾಳಿಕೆಯದು. ಚಪ್ಪಟೆ ಚೂರುಗಳು ಒತ್ತಾಗಿ ಕೂರುವುದಿಲ್ಲ, ಬಲ ತಗ್ಗುತ್ತದೆ; ಅಂಟಿದ ಮಾಂಸದ ಉಳಿಕೆ ಸಿಮೆಂಟ್ ಗಟ್ಟಿಯಾಗುವುದನ್ನು ನಿಧಾನಿಸುತ್ತದೆ; ಉಪ್ಪಿನ ಕ್ಲೋರೈಡ್ ಕಬ್ಬಿಣದ ಸರಳನ್ನು ತಿನ್ನುತ್ತದೆ. ಆದ್ದರಿಂದಲೇ ಚೆನ್ನಾಗಿ ತೊಳೆದು, ಸರಳಿಲ್ಲದ ಕಾಲುದಾರಿಗೂ ವಾಹನ ನಿಲುಗಡೆಗೂ ಬಳಸಬೇಕು, ರಂಧ್ರಗಳು ಮುಚ್ಚದಂತೆ ಆಗಾಗ ಶುಚಿಮಾಡಬೇಕು. ಋಣ ತೀರಿಸುವುದರಲ್ಲಿ ಈ ಶ್ರಮವೂ ಸೇರಿದೆ. ಆದರೂ ಸಿಮೆಂಟ್ ತಯಾರಿಕೆಯ ಹೊಗೆಯ ಪಾಪವನ್ನು ಚಿಪ್ಪು ತೊಳೆಯುವುದಿಲ್ಲ, ಹಾಗೆ ಹೇಳಿಕೊಳ್ಳುವುದು ಸುಳ್ಳು.

ಗಂಭೀರವಾದ ಆಕ್ಷೇಪ ಬೇರೆ: ಉಪಯೋಗ ಸಿಕ್ಕಿತೆಂದರೆ ಹೊಟ್ಟೆಬಾಕತನಕ್ಕೆ ಪರವಾನಗಿ ಸಿಕ್ಕಂತೆ. 2020ರಲ್ಲಿ ಜಗತ್ತು ಸಾಕಣೆಯಿಂದಲೇ ಸುಮಾರು 1 ಕೋಟಿ 77 ಲಕ್ಷ ಟನ್ ಮೃದ್ವಂಗಿಗಳನ್ನು ತೆಗೆಯಿತು. ಚಿಪ್ಪಿಗೆ ಬೆಲೆ ಬಂದರೆ ಅದಕ್ಕಾಗಿಯೇ ಕೆರೆದು ತೆಗೆಯುವವರೂ ಹುಟ್ಟಬಹುದು. ಈ ಭಯಕ್ಕೆ ಆಧಾರವಿದೆ. ಅಲ್ಲದೆ ಚಿಪ್ಪು ಕಡಲಿಗೂ ಬೇಕಾದದ್ದು: ಆಯಿಸ್ಟರ್ ಎಂಬ ಚಿಪ್ಪುಜೀವಿಯ ಮರಿಗಳು ಅಂಟಿಕೊಂಡು ಬೆಳೆಯಲು ಹಳೆಯ ಚಿಪ್ಪು ಬೇಕು. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಉಪಾಹಾರಗೃಹಗಳ ಚಿಪ್ಪನ್ನು ಸಂಗ್ರಹಿಸಿ ನೀರಿಗೇ ಮರಳಿಸುತ್ತಾರೆ. ಋಣವೆಂಬ ವಿಚಾರ ಉಪಯೋಗವಾದಕ್ಕಿಂತ ಮೇಲಾಗುವುದು ಇಲ್ಲಿಯೇ, ಏಕೆಂದರೆ ಉಪಯೋಗವಾದಿ ಹೆಚ್ಚು ಲಾಭ ಎಲ್ಲೆಂದು ನೋಡುತ್ತಾನೆ, ಋಣಿ ಯಾರಿಂದ ಪಡೆದೆನೆಂದು ನೋಡುತ್ತಾನೆ. ಹಾಗೆ ನೋಡಿದರೆ ಕ್ರಮ ಸ್ಪಷ್ಟ. ಕಡಲಿಗೆ ಕೆಲಸಕ್ಕೆ ಬರುವ ಚಿಪ್ಪು ಮೊದಲು ಕಡಲಿಗೆ ಹೋಗಲಿ, ಕಸದ ಗುಂಡಿಯೊಂದೇ ಗತಿಯಾಗಿದ್ದದ್ದು ದಾರಿಯ ಇಟ್ಟಿಗೆಯಾಗಲಿ, ಇಟ್ಟಿಗೆಗೆಂದು ಒಂದು ಜೀವಂತ ಚಿಪ್ಪನ್ನೂ ಯಾರೂ ಎತ್ತದಿರಲಿ.