ನಾಲ್ಕು ತಪ್ಪುಗಳ ಆಟಗಾರ

ಪ್ರಶಸ್ತಿ ಯಾರಿಗೆ ಕೊಡಬೇಕು ಅಂತ ಹೇಳುವ ಅಧಿಕಾರ ನನಗೆ ಜೀವನದಲ್ಲಿ ಒಂದೇ ಸಲ ಸಿಕ್ಕಿದ್ದು. ಉತ್ತರ ಹೇಳೋಕೆ ನಾನು ತಗೊಂಡ ಸಮಯ ಒಂದು ನಿಮಿಷವೂ ಇಲ್ಲ. ಎಕ್ಸೆಲ್ ಶೀಟಿನಲ್ಲಿ ಒಂದು ಕಾಲಂ ಆರಿಸಿದೆ, ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿದೆ, ಮೇಲೆ ಬಂದ ಹೆಸರನ್ನ ಕೋಚ್‌ಗೆ ಮೆಸೇಜ್ ಮಾಡಿದೆ. ಆಮೇಲೆ ಹೋಗಿ ಟೀ ಮಾಡಿಕೊಂಡು ಕುಡಿದೆ. ಎಷ್ಟು ನಿಷ್ಪಕ್ಷಪಾತಿ ನಾನು ಅಂತ ಒಳಗೊಳಗೇ ಸ್ವಲ್ಪ ಹೆಮ್ಮೆ ಕೂಡ ಇತ್ತು, ಸುಳ್ಳು ಯಾಕೆ ಹೇಳಲಿ.

ನಾನಿರೋದು ಪಿಟ್ಸ್‌ಬರ್ಗ್‌ನಲ್ಲಿ. ನಮ್ಮ ಆಫೀಸಿನ ನೆಟ್‌ವರ್ಕ್ ತಂಡದಲ್ಲಿರುವ ಒಬ್ಬ, ವಯಸ್ಸು 38, ವಾರಾಂತ್ಯಗಳಲ್ಲಿ ಸೆಮಿ-ಪ್ರೊ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ. "ನೀನು ಡೇಟಾದವನಲ್ವಾ, ನಮ್ಮ ಟೀಮಿನ ಲೆಕ್ಕ ಬರ್ಕೊಡು ಬಾ" ಅಂತ ಕರೆದ. ಹೋದೆ.

ಸೆಮಿ-ಪ್ರೊ ಅಂದರೆ ಅರ್ಧ ವೃತ್ತಿಪರ. ಹಾಗಾದ್ರೆ ಅರ್ಧ ಸಂಬಳವಾದರೂ ಇರಬೇಕು ಅಂದುಕೊಂಡಿದ್ದೆ. ಇಲ್ಲ. ಇಂಥ ಎಷ್ಟೋ ತಂಡಗಳಲ್ಲಿ ಈಗ ಆಟಗಾರರೇ ದುಡ್ಡು ಕಟ್ಟುತ್ತಾರೆ. ಸೀಸನ್ ಫೀ, ಹೆಲ್ಮೆಟ್ಟು, ಪ್ಯಾಡು, ಬೇರೆ ಊರಿನ ಮ್ಯಾಚಿಗೆ ಹೋಗೋಕೆ ಪೆಟ್ರೋಲು, ಎಲ್ಲ ಸ್ವಂತ ಖರ್ಚು. ನಮ್ಮ ತಂಡದಲ್ಲಿ ಟ್ರಕ್ ಓಡಿಸುವವರಿದ್ದರು, ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್ ಮಾಡುವವರಿದ್ದರು, ಒಬ್ಬ ಶಾಲೆಯ ಮೇಷ್ಟ್ರಿದ್ದ. ನನ್ನ ಸಹೋದ್ಯೋಗಿ ಸೋಮವಾರ ಬೆಳಿಗ್ಗೆ ಊದಿದ ಬೆರಳಲ್ಲೇ ಕೀಬೋರ್ಡ್ ಒತ್ತುತ್ತಿದ್ದ. ಇಷ್ಟಕ್ಕೆಲ್ಲ ವರ್ಷಕ್ಕೊಮ್ಮೆ ಸಿಗೋದು ಒಂದು ಊಟ. ಊಟದ ಕೊನೆಗೆ ಐದಾರು ಜನಕ್ಕೆ ಮರದ ಹಲಗೆ ಮೇಲೆ ಹಿತ್ತಾಳೆ ಬಣ್ಣದ ತಗಡು ಬಡಿದ ಫಲಕ. ಅದರಲ್ಲಿ ದೊಡ್ಡದು 'ಅತ್ಯಂತ ಮೌಲ್ಯಯುತ ಆಟಗಾರ', ಅಂದರೆ ಎಂವಿಪಿ. ಅದರ ಹೆಸರನ್ನೇ ಕೋಚ್ ನನ್ನ ಹತ್ತಿರ ಕೇಳಿದ್ದು.

ನನ್ನ ಶೀಟು ರನ್ನಿಂಗ್ ಬ್ಯಾಕ್ ಹೆಸರು ಹೇಳಿತು. ಚೆಂಡು ಹಿಡಿದು ಓಡುವವನು ಅವನು. ಅತಿ ಹೆಚ್ಚು ಗಜ ಓಡಿದ್ದ, ಅತಿ ಹೆಚ್ಚು ಟಚ್‌ಡೌನ್ ಹೊಡೆದಿದ್ದ. ಯಾರೂ ತಕರಾರು ಮಾಡಲಿಲ್ಲ. ಅವನು ವೇದಿಕೆಗೆ ಬಂದ, ಫಲಕ ತಗೊಂಡ, ಅಮ್ಮನಿಗೆ ಥ್ಯಾಂಕ್ಸ್ ಹೇಳಿದ. ಎಲ್ಲರೂ ಚಪ್ಪಾಳೆ ಹೊಡೆದರು. ನನ್ನ ಸಹೋದ್ಯೋಗಿಯೂ ಹೊಡೆದ. ಅವನಿಗೆ ಅದು ಕೊನೆಯ ಸೀಸನ್. ಮಂಡಿ ಕೈಕೊಟ್ಟಿತ್ತು.

ಸೋಮವಾರ ಕಾಫಿ ಮೆಷಿನ್ ಹತ್ತಿರ ಅವನು ಸುಮ್ಮನೆ ಕೇಳಿದ, "ನಿನ್ನ ಶೀಟಲ್ಲಿ ನನ್ನ ಹೆಸರಿನ ಮುಂದೆ ಏನಿತ್ತು?"

ಫೋನ್ ತೆಗೆದು ನೋಡಿದೆ. ಜರ್ಸಿ ನಂಬರ್ 66, ಲೆಫ್ಟ್ ಗಾರ್ಡ್. ಅವನ ಸಾಲಿನಲ್ಲಿ ಎಲ್ಲ ಕಾಲಂಗಳೂ ಖಾಲಿ, ಕೊನೆಯದೊಂದು ಬಿಟ್ಟು. ಕೊನೆಯ ಕಾಲಂ ಪೆನಾಲ್ಟಿಗಳದ್ದು. ಅಲ್ಲಿ 4 ಅಂತ ಇತ್ತು.

"ನಾಲ್ಕು ತಪ್ಪು. ಅಷ್ಟೇನಾ?" ಅಂತ ನಕ್ಕ. ಕಪ್ ತಗೊಂಡು ಅವನ ಸೀಟಿಗೆ ಹೋದ.

ಈ ಆಟ ನೋಡದವರಿಗೆ ಒಂದು ಮಾತು. ಒಂದು ಕಡೆಗೆ ಹನ್ನೊಂದು ಜನ. ಚೆಂಡು ತಮ್ಮದಾಗಿರುವಾಗ ಅದರಲ್ಲಿ ಐದು ಜನ ಮುಂದಿನ ಸಾಲಲ್ಲಿ ಬಗ್ಗಿ ನಿಲ್ಲುತ್ತಾರೆ. ನಡುವಿನವನು ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ಆಚೆ ಇಬ್ಬರು ಟ್ಯಾಕಲ್. ಎದುರಿನವರು ನುಗ್ಗದಂತೆ ತಡೆಯೋದು, ಓಡುವವನಿಗೆ ದಾರಿ ಬಿಡಿಸೋದು ಅವರ ಕೆಲಸ. ಗಾರ್ಡ್ ಆದವನು ಮಾಮೂಲಿಯಾಗಿ ಇಡೀ ಸೀಸನ್ ಚೆಂಡು ಮುಟ್ಟೋದೇ ಇಲ್ಲ. ಅವನು ಕೆಲಸ ಸರಿಯಾಗಿ ಮಾಡಿದರೆ ಆ ಓಟ ಇನ್ನೊಬ್ಬನ ಖಾತೆಗೆ ಜಮಾ. ಎದುರಾಳಿಯ ಅಂಗಿ ಹಿಡಿದು ಎಳೆದರೆ ಮಾತ್ರ ಅಂಪೈರ್ ಹಳದಿ ಬಟ್ಟೆ ಎಸೆಯುತ್ತಾನೆ, ತಂಡ 10 ಗಜ ಹಿಂದಕ್ಕೆ ಹೋಗುತ್ತೆ, ಆಗ ಮೈಕಿನಲ್ಲಿ ಅವನ ನಂಬರ್ ಕೂಗುತ್ತಾರೆ. ನನ್ನಂಥವನು ಬರೆದುಕೊಳ್ಳೋದು ಆಗ ಮಾತ್ರ.

ಇದು ನಮ್ಮ ಬಡ ತಂಡದ ಸಮಸ್ಯೆ ಅಲ್ಲ. ಎನ್‌ಎಫ್‌ಎಲ್‌ನಂಥ ಕೋಟ್ಯಧಿಪತಿಗಳ ಲೀಗ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಕೊಡುವ ಎಂವಿಪಿ ಪ್ರಶಸ್ತಿ ಇದೆ. 1982ರಲ್ಲಿ ಅದು ಮಾರ್ಕ್ ಮೋಸ್ಲಿ ಎಂಬ ಕಿಕ್ಕರ್‌ಗೂ ಸಿಕ್ಕಿದೆ. ಆದರೆ ಆ ಐದು ಜನರ ಸಾಲಿನಲ್ಲಿ ನಿಂತವನಿಗೆ ಒಮ್ಮೆಯೂ ಸಿಕ್ಕಿಲ್ಲ. ಎಣಿಕೆಗೆ ಸಿಗದ್ದು ಕಣ್ಣಿಗೂ ಬೀಳಲ್ಲ. ಡೀಕನ್ ಜೋನ್ಸ್ ಅನ್ನುವ ದೈತ್ಯ 1961ರಿಂದ 1974ರವರೆಗೆ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳನ್ನ ಹಿಡಿದು ನೆಲಕ್ಕೆ ಕೆಡವಿದ. ಅದಕ್ಕೆ 'ಸ್ಯಾಕ್' ಅನ್ನೋ ಹೆಸರು ಚಾಲ್ತಿಗೆ ತಂದ ಕೀರ್ತಿಯೂ ಅವನದೇ. ಆದರೆ ಲೀಗ್ ಸ್ಯಾಕ್‌ಗಳನ್ನ ಅಧಿಕೃತವಾಗಿ ಎಣಿಸೋಕೆ ಶುರು ಮಾಡಿದ್ದು 1982ರಲ್ಲಿ. ಅಧಿಕೃತ ಪುಸ್ತಕದ ಪ್ರಕಾರ ಆ ಮನುಷ್ಯನ ಸ್ಯಾಕ್‌ಗಳೇ ಇಲ್ಲ.

ಇದನ್ನೆಲ್ಲ ಓದ್ತಾ ಓದ್ತಾ ಇನ್ನೊಂದು ಕಥೆ ಸಿಕ್ಕಿತು. 'ಸೆಮಿ-ಪ್ರೊ' ಅನ್ನೋ ಪದದ ಮೂಲವೇ ಒಂದು ಜಾಣತನ. 1890ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಒಲಿಂಪಿಕ್ ಕ್ಲಬ್ ಆಟಗಾರರಿಗೆ ನೌಕರಿಯ ಆಸೆ ತೋರಿಸಿ ಸೆಳೀತಿದೆ ಅಂತ ದೂರು ಬಂತು. ಆಗ ದುಡ್ಡಿಗೆ ಆಡೋದು ಅವಮಾನ. ವಿಚಾರಣೆ ನಡೆಸಿದ ಅಮೆಚೂರ್ ಅಥ್ಲೆಟಿಕ್ ಯೂನಿಯನ್, ಇದು ಪೂರ್ತಿ ವೃತ್ತಿಪರತೆ ಅಲ್ಲ, ಅರ್ಧ ಮಾತ್ರ ಅಂತ ತೀರ್ಪು ಕೊಟ್ಟಿತು. ಅದೇ ಕಾಲದಲ್ಲಿ ಕೆಲವು ಕ್ಲಬ್‌ಗಳು ಇನ್ನೊಂದು ಉಪಾಯ ಕಂಡುಕೊಂಡವು. ಮ್ಯಾಚ್ ಆದ ಮೇಲೆ ಆಟಗಾರನಿಗೆ ಪ್ರಶಸ್ತಿ ಅಂತ ಒಳ್ಳೆ ಗಡಿಯಾರ ಕೊಡೋದು. ಅವನು ಅದನ್ನ ಗಿರವಿ ಅಂಗಡಿಯಲ್ಲಿಟ್ಟು ದುಡ್ಡು ತಗೊಳ್ಳೋದು. ಕ್ಲಬ್‌ನವರು ಅದನ್ನ ಬಿಡಿಸಿಕೊಂಡು ಬಂದು ಮುಂದಿನ ಮ್ಯಾಚಿಗೆ ಅದೇ ಗಡಿಯಾರವನ್ನ ಅವನಿಗೇ ಮತ್ತೆ ಪ್ರದಾನ ಮಾಡೋದು!

ನಗಬೇಡಿ. ನಮ್ಮೂರಲ್ಲಿ ಒಂದು ಸಮಾರಂಭದಲ್ಲಿ ಹೊದಿಸಿಕೊಂಡ ಶಾಲು ಬೀರುವಿನಲ್ಲಿ ಮಡಿಕೆ ಕೆಡದೆ ಕಾದು, ಇನ್ನೊಂದು ಸಮಾರಂಭದಲ್ಲಿ ಇನ್ನೊಬ್ಬರ ಹೆಗಲೇರೋದು ನಾವೆಲ್ಲ ನೋಡಿದ್ದೇ ತಾನೇ.

1892ರ ನವೆಂಬರ್ 12ರಂದು, ಇದೇ ಪಿಟ್ಸ್‌ಬರ್ಗ್ ಸೀಮೆಯಲ್ಲಿ, ಅಲೆಘೆನಿ ಅಥ್ಲೆಟಿಕ್ ಅಸೋಸಿಯೇಷನ್ ಒಬ್ಬ ಆಟಗಾರನಿಗೆ ಗುಟ್ಟಾಗಿ 500 ಡಾಲರ್ ನಗದು ಕೊಟ್ಟಿತು. ಆ ಖರ್ಚಿನ ಹಾಳೆ ಈಗ ಒಹಾಯೋದ ಕ್ಯಾಂಟನ್‌ನಲ್ಲಿರುವ ಹಾಲ್ ಆಫ್ ಫೇಮ್‌ನಲ್ಲಿದೆ. ದುಡ್ಡು ತಗೊಂಡು ಆಡಿದ ಅಂತ ದಾಖಲೆ ಇರುವ ಮೊದಲ ಮನುಷ್ಯ ಅವನು, ಹೆಸರು ವಿಲಿಯಂ 'ಪಜ್' ಹೆಫೆಲ್‌ಫಿಂಗರ್. ಯೇಲ್ ವಿಶ್ವವಿದ್ಯಾಲಯದಲ್ಲಿ ಅವನು ಆಡುತ್ತಿದ್ದ ಜಾಗ ಯಾವುದು ಗೊತ್ತಾ? ಗಾರ್ಡ್.

ಅಂದರೆ ಕಳ್ಳ ಲೆಕ್ಕದ ದುಡ್ಡಿಗೆ ಗಾರ್ಡ್‌ನ ಬೆಲೆ ಗೊತ್ತಿತ್ತು. 500 ಡಾಲರ್ ಕೊಡುವವನು ಸುಮ್ಮನೆ ಕೊಡಲ್ಲ, ಯಾರಿಂದ ಮ್ಯಾಚ್ ಗೆಲ್ಲುತ್ತೆ ಅಂತ ಕಣ್ಣಿಟ್ಟು ನೋಡಿರುತ್ತಾನೆ. ನಾನು ಕೊಟ್ಟಿದ್ದು ನನ್ನ ಜೇಬಿನದ್ದಲ್ಲ. ಬರೀ ಗೌರವ. ಅದಕ್ಕೇ ಇರಬೇಕು, ನಾನು ನೋಡಲೇ ಇಲ್ಲ.

ಹಾಗಾದ್ರೆ ಗೌರವ ಅಂದ್ರೆ ಏನು? ನನಗೆ ಈಗ ಅನ್ನಿಸೋದು ಹೀಗೆ. ಸಂಬಳ ಒಂದು ವಿನಿಮಯ. ಲೆಕ್ಕದಲ್ಲಿ ತಪ್ಪಾಗಿ ಬಂದ ಸಂಬಳದಿಂದಲೂ ಅಕ್ಕಿ ಬರುತ್ತೆ, ಬಾಡಿಗೆ ಕಟ್ಟಬಹುದು. ಪ್ರಶಸ್ತಿಯಿಂದ ಅದ್ಯಾವುದೂ ಬರಲ್ಲ. ಮುಂದಿನ ವರ್ಷ ಚೆನ್ನಾಗಿ ಆಡಲಿ ಅಂತ ಆಸೆ ತೋರಿಸೋಕೆ ಕೊಡ್ತೀವಿ ಅನ್ನೋಣವಾ? ಕೈಯಿಂದ ದುಡ್ಡು ಹಾಕಿ ಮೂಳೆ ಮುರಿಸಿಕೊಳ್ಳುವವನಿಗೆ ಫಲಕದ ಆಸೆ ಯಾಕೆ ಬೇಕು, ಅವನು ಹೇಗೂ ಆಡ್ತಾನೆ. ಇದೆಲ್ಲ ತೆಗೆದುಹಾಕಿದರೆ ಪ್ರಶಸ್ತಿಯಲ್ಲಿ ಉಳಿಯೋದು ಒಂದೇ ಮಾತು. "ನೀನು ಮಾಡಿದ್ದನ್ನ ನಾವು ನೋಡಿದ್ವಿ." ಅದು ಸಾಕ್ಷಿ. ಸಾಕ್ಷಿ ಹೇಳುವವನು ನೋಡಿರಬೇಕು. ನೋಡದೆ ಹೇಳಿದರೆ, ಹೇಳಿದ್ದು ನಿಜವೇ ಆಗಿದ್ದರೂ ಅದು ಸುಳ್ಳು ಸಾಕ್ಷಿಯೇ.

ನನ್ನ ತಪ್ಪು ಇದೇ. ರನ್ನಿಂಗ್ ಬ್ಯಾಕ್‌ಗೆ ಫಲಕ ಸಿಕ್ಕಿದ್ದು ತಪ್ಪಲ್ಲ. ಬಹುಶಃ ಪೂರ್ತಿ ನೋಡಿದ್ದರೂ ಅವನ ಹೆಸರನ್ನೇ ಹೇಳುತ್ತಿದ್ದೆನೇನೋ. ನಾನು ಮಾಡಿದ್ದು ಗುಮಾಸ್ತನ ಕೆಲಸ, ಕೊಟ್ಟಿದ್ದು ನ್ಯಾಯಾಧೀಶನ ತೀರ್ಪು. ಅಂಕಿ ಇದೆಯಲ್ಲ, ನಾನ್ಯಾಕೆ ಕಣ್ಣು ಬಿಡಬೇಕು ಅಂದುಕೊಂಡೆ.

ಇದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ಗಟ್ಟಿಯಾದವೇ.

ಒಂದು, ಎಲ್ಲರ ಶ್ರಮವನ್ನೂ ನೋಡ್ತಾ ಕೂತರೆ ಎಲ್ಲರಿಗೂ ಫಲಕ ಕೊಡಬೇಕಾಗುತ್ತೆ, ಆಗ ಫಲಕಕ್ಕೆ ಮೂರು ಕಾಸಿನ ಬೆಲೆಯೂ ಇರಲ್ಲ. ನಿಜ. ಆದರೆ ಎಲ್ಲರನ್ನೂ ನೋಡೋದು ಬೇರೆ, ಎಲ್ಲರಿಗೂ ಕೊಡೋದು ಬೇರೆ. ಹತ್ತು ಜನರನ್ನ ನೋಡಿ ಒಬ್ಬನನ್ನ ಆರಿಸಿದರೆ ಉಳಿದ ಒಂಬತ್ತು ಜನ ಸೋತಿರಬಹುದು. ನೋಡದೆ ಆರಿಸಿದರೆ ಅವರು ಸೋತೂ ಇಲ್ಲ, ಅವರು ಇರಲೇ ಇಲ್ಲ ಅಂತಾಗುತ್ತೆ.

ಎರಡು, ಕಣ್ಣಿಗಿಂತ ಅಂಕಿ ವಾಸಿ. ಕಣ್ಣು ಸ್ನೇಹಿತನ ಕಡೆ ವಾಲುತ್ತೆ. ಇದೂ ನಿಜ, ಈ 66 ನಂಬರಿನವನು ನನ್ನ ಸ್ನೇಹಿತನೇ. ಆದರೆ ಅಂಕಿಯೂ ಯಾರೋ ನೋಡಿ ಬರೆದದ್ದೇ ಅಲ್ವಾ? ಯಾವ ಕಾಲಂ ಇರಬೇಕು ಅಂತ ತೀರ್ಮಾನ ಮಾಡಿದವನು ನಾನೇ. ಗಾರ್ಡ್‌ಗೆ ತಪ್ಪಿನ ಕಾಲಂ ಒಂದನ್ನೇ ಕೊಟ್ಟವನೂ ನಾನೇ. ಪಕ್ಷಪಾತ ಅಲ್ಲೇ ಆಗಿಹೋಗಿತ್ತು, ಸಾರ್ಟ್ ಬಟನ್ ಒತ್ತೋಕೆ ಮುಂಚೆ.

ಇಷ್ಟು ಬರೀತಾ ನನ್ನ ಕೆಲಸವೇ ನೆನಪಾಗ್ತಿದೆ. ನಿಮ್ಮದೂ ಆಗ್ತಿರಬಹುದು. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಸರ್ವರ್‌ಗಳನ್ನ ನೋಡಿಕೊಳ್ಳೋ ಹುಡುಗಿಯೊಬ್ಬಳಿದ್ದಳು. ಅವಳ ಹೆಸರು ಎಲ್ಲರಿಗೂ ತಿಳಿದದ್ದು ಸಿಸ್ಟಂ ಎರಡು ಗಂಟೆ ಮಲಗಿದ ದಿನ. ಉಳಿದ 364 ದಿನ ಅದು ಮಲಗದೇ ಇದ್ದದ್ದು ಯಾವ ರಿಪೋರ್ಟಿನಲ್ಲೂ ಬರಲಿಲ್ಲ. ಅದೇ ವರ್ಷ ಹೊಸ ಫೀಚರ್ ಬರೆದ ನನಗೆ ಸ್ಪಾಟ್ ಅವಾರ್ಡು, ಜೊತೆಗೆ ಒಂದು ಗಿಫ್ಟ್ ವೋಚರು. ನಾನು ಖುಷಿಯಿಂದ ತಗೊಂಡೆ. ಅವಳು ಚಪ್ಪಾಳೆ ಹೊಡೆದಳು. ಆ ವೋಚರ್‌ನಲ್ಲಿ ಏನು ಕೊಂಡೆ ಅಂತ ಈಗ ನೆನಪೂ ಇಲ್ಲ.

ನಮ್ಮೂರಿನ ಹೆಮ್ಮೆಯ ಕಥೆ ಒಂದಿದೆ. ಜಾನಿ ಯೂನಿಟಾಸ್ ಅನ್ನೋ ಹುಡುಗನನ್ನ 1955ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಕೈಬಿಟ್ಟಿತು. ಅವನು ಕಟ್ಟಡದ ಕೆಲಸ ಮಾಡ್ತಾ ಬ್ಲೂಮ್‌ಫೀಲ್ಡ್ ರ‍್ಯಾಮ್ಸ್ ಅನ್ನೋ ಸೆಮಿ-ಪ್ರೊ ತಂಡಕ್ಕೆ ಮ್ಯಾಚಿಗೆ 6 ಡಾಲರ್‌ನಂತೆ ಆಡಿದ. ಮರುವರ್ಷ ಬಾಲ್ಟಿಮೋರ್ ಕೋಲ್ಟ್ಸ್ ಕರೆಯಿತು. ಮೂರು ಸಲ ಎಂವಿಪಿ ಆದ, 1979ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಇಲ್ಲಿ ಸೆಮಿ-ಪ್ರೊ ಆಟದ ಮಾತು ಬಂದಾಗೆಲ್ಲ ಈ ಕಥೆ ಹೇಳ್ತಾರೆ. ಆ 6 ಡಾಲರಿನ ಮ್ಯಾಚುಗಳಿಗೆ ಬೆಲೆ ಬಂದದ್ದು ಅವನು ಆಮೇಲೆ ಯೂನಿಟಾಸ್ ಆದ ಅಂತ ಮಾತ್ರ. ಅವನು ಪಾಸ್ ಎಸೆಯುವಷ್ಟು ಹೊತ್ತು ಎದುರಿನವರನ್ನ ತಡೆದು ನಿಂತ ಐದು ಜನವೂ ಅಲ್ಲಿದ್ದರು. ಅವರೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದರು. ಆ ಕಥೆ ಹೇಳುವವರು ಯಾರೂ ಅವರ ಹೆಸರು ಹೇಳಿದ್ದು ನಾನು ಕೇಳಿಲ್ಲ.

ಫಲಕ ಕೊಟ್ಟಾಗಿತ್ತು, ವಾಪಸ್ ತಗೊಳ್ಳೋಕೆ ಆಗಲ್ಲ, ತಗೊಳ್ಳಲೂ ಬಾರದು. ಕೋಚ್ ಹತ್ತಿರ ಇಡೀ ಸೀಸನ್ನಿನ ಹತ್ತು ಮ್ಯಾಚುಗಳ ವಿಡಿಯೋ ಇತ್ತು, ಗ್ಯಾಲರಿಯಲ್ಲಿ ಟ್ರೈಪಾಡ್ ಇಟ್ಟು ತೆಗೆದದ್ದು. ಕೇಳಿ ತಂದೆ. ಮೂರು ವಾರಾಂತ್ಯ ಕೂತು ನೋಡಿದೆ. ಚೆಂಡು ಎಲ್ಲಿ ಹೋಗ್ತಿದೆ ಅಂತ ನೋಡಲಿಲ್ಲ, 66 ಎಲ್ಲಿದ್ದಾನೆ ಅಂತ ಮಾತ್ರ ನೋಡಿದೆ. ಮೊದಲ ಮ್ಯಾಚಿನಲ್ಲಿ ಏನೂ ಅರ್ಥ ಆಗಲಿಲ್ಲ. ನಾಲ್ಕನೆಯದರ ಹೊತ್ತಿಗೆ ಕಣ್ಣು ಪಳಗಿತು. ರನ್ನಿಂಗ್ ಬ್ಯಾಕ್ ಹೊಡೆದ ಟಚ್‌ಡೌನ್‌ಗಳಲ್ಲಿ ಏಳು ಇವನು ಬಿಡಿಸಿದ ಸಂದಿಯಲ್ಲೇ ಹೋದವು. ಎಂಟನೇ ಮ್ಯಾಚಿನಿಂದ ಇವನು ಎಡಗಾಲ ಮೇಲೆ ಭಾರ ಬಿಡದೆ ಆಡ್ತಿದ್ದ. ಗ್ಯಾಲರಿಯಲ್ಲೇ ಕೂತಿದ್ದರೂ ಆಗ ನನಗೆ ಅದು ಕಂಡಿರಲಿಲ್ಲ.

ಎರಡು ಪುಟ ಬರೆದು ಅವನಿಗೆ ಕಳಿಸಿದೆ. ಯಾವ ಮ್ಯಾಚು, ಯಾವ ನಿಮಿಷ, ಏನು ಮಾಡಿದ ಅಂತಷ್ಟೇ. ಹೊಗಳಿಕೆಯ ಮಾತು ಒಂದೂ ಹಾಕಲಿಲ್ಲ. ಕೋಚ್‌ಗೂ ಹೇಳಿದೆ, ಮುಂದಿನ ವರ್ಷ ನನ್ನ ಶೀಟನ್ನಷ್ಟೇ ನಂಬಿ ಹೆಸರು ಕೇಳಬೇಡಿ, ಮೂರು ಜನ ಕೂತು ವಿಡಿಯೋ ನೋಡೋಣ ಅಂತ. ನೋಡೋಣ ಅಂದಿದ್ದಾನೆ.

ಎರಡು ದಿನ ಅವನಿಂದ ಉತ್ತರವೇ ಇಲ್ಲ. ಮೂರನೇ ದಿನ ರಾತ್ರಿ ಒಂದು ಮೆಸೇಜ್ ಬಂತು.

"ಆರನೇ ಮ್ಯಾಚು, ಎರಡನೇ ಕ್ವಾರ್ಟರ್, ನೀನು ಒಳ್ಳೇ ಬ್ಲಾಕ್ ಅಂತ ಬರೆದಿದ್ದೀಯಲ್ಲ. ಅಲ್ಲಿ ನಾನು ಅವನ ಅಂಗಿ ಹಿಡಿದಿದ್ದೆ. ರೆಫರಿಗೆ ಕಾಣಲಿಲ್ಲ. ಐದು ಅಂತ ತಿದ್ದಿಕೋ."

ಲ್ಯಾಪ್‌ಟಾಪ್ ತೆಗೆದು ವಿಡಿಯೋ ಹಾಕಿ ಮತ್ತೆ ನೋಡಿದೆ. ಹೌದು, ಹಿಡಿದಿದ್ದ. ತಿದ್ದಿಕೊಂಡೆ.